ವಿದ್ಯಾರ್ಥಿಗಳ ಬ್ಯಾಸ್ಕೆಟ್‌ಬಾಲ್ ಸೀಸನ್ ಟಿಕೆಟ್ ದರ ಏರುತ್ತಿದೆ: ಕಮಿಟಿ ಮುಂದೆ ಏನು ಕೇಳಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಬಿಗ್ ಟೆನ್ (ದೊಡ್ಡ ಯೂನಿವರ್ಸಿಟಿಗಳ ಕ್ರೀಡಾ ಒಕ್ಕೂಟ, ಇಲ್ಲಿನವರು ಕಾನ್ಫರೆನ್ಸ್ ಅನ್ನುತ್ತಾರೆ) ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ವಿದ್ಯಾರ್ಥಿಗಳ ಸೀಸನ್ ಟಿಕೆಟ್ ದರವನ್ನು ಬರುವ ಸೀಸನ್‌ನಿಂದ ಏರಿಸುತ್ತೇವೆ ಅಂತ ನಮ್ಮ ಅಥ್ಲೆಟಿಕ್ಸ್ ವಿಭಾಗ (ಎಲ್ಲ ಕ್ರೀಡೆಗಳನ್ನೂ ನೋಡಿಕೊಳ್ಳುವ ವಿಭಾಗ) ಇಮೇಲ್‌ನಲ್ಲಿ ತಿಳಿಸಿದೆ. ವಿದ್ಯಾರ್ಥಿ ಸಂಘದಿಂದ ಒಂದು ಸಣ್ಣ ಕಮಿಟಿ ಮಾಡಿದ್ದಾರೆ. ಗ್ರ್ಯಾಜುಯೇಟ್ (ಎಂಎಸ್, ಪಿಎಚ್‌ಡಿ) ವಿದ್ಯಾರ್ಥಿಗಳ ಪರವಾಗಿ ಅದರಲ್ಲಿ ನಾನಿದ್ದೇನೆ. "ಬೇಡ" ಅಂತ ಬರೆದರೆ ಯಾರೂ ಓದುವುದಿಲ್ಲ. ಬದಲಿಗೆ ಏನು ಮಾಡಬಹುದು ಅಂತ ಹೇಳಬೇಕು. ಬೇರೆ ಬೇರೆ ಯೂನಿವರ್ಸಿಟಿಗಳಲ್ಲಿ ಓದಿದವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಊರಲ್ಲಿದ್ದು ಓದುವವರಿಗೆ ಸ್ವಲ್ಪ ಹಿನ್ನೆಲೆ. ಸೀಸನ್ ನವೆಂಬರ್ ಮೊದಲ ವಾರ ಶುರುವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಮನೆಯಂಗಳದಲ್ಲಿ ಹದಿನಾರು ಹದಿನೇಳು ಪಂದ್ಯ ಸಿಗುತ್ತವೆ. ಇಡೀ ಸೀಸನ್‌ಗೆ ಒಂದೇ ಸಲ ದುಡ್ಡು ಕಟ್ಟಿದರೆ ಸ್ಟೂಡೆಂಟ್ ಸೆಕ್ಷನ್‌ನಲ್ಲಿ ಜಾಗ. ನಂಬರ್ ಇರುವ ಸೀಟಲ್ಲ, ಬೆನ್ನಿಗೆ ಆನಿಕೆಯಿಲ್ಲದ ಬೆಂಚು, ಆ ಬೆಂಚಿನ ಮೇಲೂ ಯಾರೂ ಕೂರುವುದಿಲ್ಲ. ಎರಡು ಗಂಟೆ ನಿಂತೇ ಇರಬೇಕು. ಮುಂದಿನ ಸಾಲು ಬೇಕಿದ್ದರೆ ಜನವರಿ ಚಳಿಯಲ್ಲಿ ಗೇಟ್ ತೆರೆಯುವುದಕ್ಕೆ ಬಹಳ ಮುಂಚೆ ಕ್ಯೂ ನಿಲ್ಲಬೇಕು.

ನನಗೆ ಸಿಟ್ಟು ಬಂದಿರುವುದು ಅವರು ತೋರಿಸುವ "ಒಂದು ಪಂದ್ಯಕ್ಕೆ ಇಷ್ಟೇ" ಎಂಬ ಲೆಕ್ಕದ ಮೇಲೆ. ಮಾತಿಗೆ 200 ಡಾಲರ್, 16 ಪಂದ್ಯ ಅಂತ ಹಿಡಿಯಿರಿ. ಪಂದ್ಯಕ್ಕೆ 12.50 ಆಯಿತು. ಆದರೆ ಅದರಲ್ಲಿ ನಾಲ್ಕು ಪಂದ್ಯ ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ರಜೆಯಲ್ಲಿ ಬರುತ್ತವೆ. ಅಂಡರ್‌ಗ್ರ್ಯಾಡ್ ಹುಡುಗರು ಆಗ ಊರಿಗೆ ಹೋಗಿರುತ್ತಾರೆ, ಹಾಸ್ಟೆಲ್‌ಗಳೇ ಮುಚ್ಚಿರುತ್ತವೆ. ಅಲ್ಲಿಗೆ ಅದು ಪಂದ್ಯಕ್ಕೆ 16.67. ಇನ್ನು ನವೆಂಬರ್‌ನ ಮೂರ್ನಾಲ್ಕು ಪಂದ್ಯ ಸಣ್ಣ ಕಾಲೇಜುಗಳನ್ನು ದುಡ್ಡು ಕೊಟ್ಟು ಕರೆಸಿ ಆಡಿಸುವಂಥವು, ಅರ್ಧ ಸಮಯಕ್ಕೇ ಮೂವತ್ತು ಪಾಯಿಂಟ್ ಅಂತರ ಇರುತ್ತದೆ. ವಿದ್ಯಾರ್ಥಿ ನಿಜವಾಗಿ ದುಡ್ಡು ಕೊಡುವುದು ಕಾನ್ಫರೆನ್ಸ್‌ನ ಹತ್ತು ಹೋಮ್ ಪಂದ್ಯಗಳಿಗೆ. ಆ ಲೆಕ್ಕದಲ್ಲಿ 20 ಡಾಲರ್. ಇಮೇಲ್‌ನಲ್ಲಿ ಈ ಸಂಖ್ಯೆ ಎಲ್ಲೂ ಇರಲಿಲ್ಲ.

ನಿಮ್ಮಲ್ಲಿ ಹೇಗಿತ್ತು, ಯಾವುದು ಸರಿ ಅನಿಸಿತ್ತು, ದಯವಿಟ್ಟು ಬರೆಯಿರಿ.

ಹುಬ್ಳಿ ಮಂದಿ:

ನಾ ಅರಿಝೋನಾ ಸ್ಟೇಟ್‌ನ್ಯಾಗ ಎಂಎಸ್ ಮಾಡೀನ್ರಿ. ಅಲ್ಲಿ ಟಿಕೆಟ್‌ಗೆ ಅಂತ ಬ್ಯಾರೆ ರೊಕ್ಕ ಕೊಡೂದ ಇಲ್ಲ. 2014ರಿಂದ ಎಲ್ಲಾರ ಫೀದಾಗ ಸೆಮಿಸ್ಟರ್‌ಗೆ 75 ಡಾಲರ್ ಅಥ್ಲೆಟಿಕ್ಸ್ ಫೀ ಅಂತ ಸೇರಿಸಿದ್ರು, ವರ್ಷಕ್ಕ 150. ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಎಲ್ಲಾ ಅದರಾಗ ಬಂತು. ಐಡಿ ಕಾರ್ಡ್ ತೋರ್ಸು, ಒಳಗ ಹೋಗು.

ಮೊದಲನೇ ಸೆಮಿಸ್ಟರ್‌ದಾಗ ನನಗ ಬ್ಯಾಸ್ಕೆಟ್‌ಬಾಲ್ ಅಂದ್ರ ಏನೂ ಗೊತ್ತಿರಲಿಲ್ಲ. ರೂಮಿನ ಹುಡುಗರು "ಹೆಂಗೂ ಫೀ ಕಟ್ಟೀವಿ, ನಡೀ" ಅಂದ್ರು, ಹೋದೆ. ಅಲ್ಲಿ ಎದುರಾಳಿ ಫ್ರೀ ಥ್ರೋ ಹಾಕೂ ಮುಂದ ಬಾಸ್ಕೆಟ್ ಹಿಂದ ಒಂದು ಕಪ್ಪು ಪರದೆ ತಗೀತಾರ, ಅದರೊಳಗಿಂದ ಹುಡುಗರು ಚಿತ್ರವಿಚಿತ್ರ ವೇಷದಾಗ ಹೊರಗ ಬಂದು ಕುಣೀತಾರ. 2013ರಾಗ ವಿದ್ಯಾರ್ಥಿಗಳ ಹುಟ್ಟಾಕಿದ್ದು ಅದು. 2016ರಾಗ ಈಜುಗಾರ ಮೈಕಲ್ ಫೆಲ್ಪ್ಸ್ ಸಹಿತ ಆ ಪರದೆ ಹಿಂದಿಂದ ಬಂದಿದ್ದ. ಆ ಗದ್ದಲ ನೋಡಿದ ಮ್ಯಾಲೆ ನಾ ಒಂದು ಪಂದ್ಯ ಬಿಟ್ಟಿಲ್ಲ ನೋಡ್ರಿ. 200 ಡಾಲರ್ ಮೊದಲ ಕೊಡು ಅಂದಿದ್ರ ನಮ್ಮಂಥಾವರು ಯಾರೂ ಆ ಬಾಗಿಲಾ ತುಳೀತಿರ್ಲಿಲ್ಲ.

ತುಂಗಾತೀರ ಅವರ, ನೀವು ಫೀ ಮಾದರಿನ ಕೇಳ್ರಿ. ಎಲ್ಲಾರೂ ಸ್ವಲ್ಪ ಸ್ವಲ್ಪ ಕೊಟ್ರ ಯಾರಿಗೂ ಭಾರ ಆಗಂಗಿಲ್ಲ.

ಜಯನಗರದ ಅಮ್ಮ:

ಹುಬ್ಳಿಯವರೇ, ಯಾರಿಗೂ ಭಾರ ಆಗೋದಿಲ್ಲ ಅಂತ ಹೇಳಬೇಡಿ. ನನ್ನ ಮಗಳು ಪೂರ್ವದ ಒಂದು ರಾಜ್ಯದಲ್ಲಿ ಓದ್ತಿದ್ದಾಳೆ, ಬಿಲ್ ಕಟ್ಟೋದು ನಾವು. ಟ್ಯೂಷನ್ ಬೇರೆ, ಅದರ ಕೆಳಗೆ ಟೆಕ್ನಾಲಜಿ ಫೀ, ಹೆಲ್ತ್ ಫೀ, ಟ್ರಾನ್ಸಿಟ್ ಫೀ, ಅದರ ನಡುವೆ ಅಥ್ಲೆಟಿಕ್ಸ್. ಅವಳು ವಾರಕ್ಕೆ 20 ಗಂಟೆ ಲೈಬ್ರರಿಯಲ್ಲಿ ಕೆಲಸ ಮಾಡ್ತಾಳೆ. ವಿದ್ಯಾರ್ಥಿ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಅದಕ್ಕಿಂತ ಹೆಚ್ಚು ಮಾಡೋಹಾಗಿಲ್ಲ. ಸಂಜೆ ಪಂದ್ಯ ಇರೋ ಹೊತ್ತಿಗೆ ಅವಳ ಶಿಫ್ಟ್ ಇರುತ್ತೆ. ಒಂದೂ ಪಂದ್ಯ ನೋಡದ ಮಗು, ನೋಡುವವರ ಟಿಕೆಟ್‌ಗೆ ಯಾಕೆ ಕೊಡಬೇಕು? ನೋಡುವವರು ಕೊಟ್ಟು ನೋಡಲಿ. ಅದರಲ್ಲಿ ನನಗೆ ಅನ್ಯಾಯ ಏನೂ ಕಾಣಿಸೋದಿಲ್ಲ.

ಲೆಕ್ಕದ ಮೇಷ್ಟ್ರು:

ಅಮ್ಮನವರ ಪ್ರಶ್ನೆ ಸರಿಯಾದದ್ದು. ವರ್ಜೀನಿಯಾ ಶಾಸನಸಭೆ 2015ರಲ್ಲಿ ಇದಕ್ಕೇ ಒಂದು ಕಾನೂನು ಮಾಡಿತು. ಅಥ್ಲೆಟಿಕ್ಸ್ ವಿಭಾಗದ ಆದಾಯದಲ್ಲಿ ವಿದ್ಯಾರ್ಥಿ ಫೀ ಮತ್ತು ಯೂನಿವರ್ಸಿಟಿ ನೆರವಿನ ಪಾಲು ಇಷ್ಟಕ್ಕಿಂತ ಹೆಚ್ಚಿರಬಾರದು ಅಂತ ಮಿತಿ. ದೊಡ್ಡ ಕಾನ್ಫರೆನ್ಸ್‌ನ ಶಾಲೆಗಳಿಗೆ (ಇಲ್ಲಿ ಯೂನಿವರ್ಸಿಟಿಗೂ ಶಾಲೆ ಅಂತಲೇ ಅನ್ನುವುದು) ಅದು ಶೇ. 20. ಟಿವಿ ದುಡ್ಡು ಇಲ್ಲದ ಸಣ್ಣ ಶಾಲೆಗಳೇ ಫೀ ಮೇಲೆ ಹೆಚ್ಚು ನಿಂತಿರುವುದು. ಬಿಗ್ ಟೆನ್‌ನ ಹಲವು ದೊಡ್ಡ ಶಾಲೆಗಳಲ್ಲಿ ಫೀಯಿಂದ ಬರುವುದು ಅತ್ಯಲ್ಪ, ಕೆಲವು ಕಡೆ ಏನೂ ಇಲ್ಲ. ಹಾಗಾಗಿ ತುಂಗಾತೀರ ಅವರು ಫೀ ಮಾದರಿ ಕೇಳಿದರೆ, ಇಲ್ಲದ ಫೀ ಒಂದನ್ನು ಹೊಸದಾಗಿ ಹೇರಿಸಿಕೊಂಡಂತೆ.

ನಾನು ಇಲ್ಲಿ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಬಜೆಟ್ ಕೆಲಸ ಮಾಡಿದವನು. ಎದುರು ಪಕ್ಷದ ಮಾತೂ ಹೇಳುತ್ತೇನೆ, ಕಮಿಟಿಯಲ್ಲಿ ನಿಮಗೆ ಅದೇ ಎದುರಾಗುವುದು.

ಒಂದು, ಖರ್ಚು ನಿಜವಾಗಿಯೂ ಏರಿದೆ. 2025ರ ಜೂನ್ 6ರಂದು ಹೌಸ್ ಪ್ರಕರಣದ (ಕಾಲೇಜು ಆಟಗಾರರು ದುಡ್ಡಿಗಾಗಿ ಹೂಡಿದ ದಾವೆ) ರಾಜಿ ಒಪ್ಪಂದಕ್ಕೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. 2025-26ರಿಂದ ಒಂದೊಂದು ಶಾಲೆ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು. ಕೊಡದಿದ್ದರೆ ಒಳ್ಳೆಯ ಆಟಗಾರರು ಬೇರೆ ಕಡೆ ಹೋಗುತ್ತಾರೆ. ಇದು ಬರುತ್ತದೆ ಅಂತ ಗೊತ್ತಾಗಿಯೇ ಟೆನೆಸೀ ಯೂನಿವರ್ಸಿಟಿ 2024ರಲ್ಲಿ, ಮುಂದಿನ ಫುಟ್‌ಬಾಲ್ ಸೀಸನ್‌ನ ಟಿಕೆಟ್‌ಗಳ ಮೇಲೆ ಶೇ. 10 "ಟ್ಯಾಲೆಂಟ್ ಫೀ" ಘೋಷಿಸಿತು.

ಇನ್ನೊಂದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಕೆಳಗಿನ ಒಳ್ಳೆಯ ಸೀಟು ಬೇಕಾದ ಡೋನರ್‌ಗಳು ಟಿಕೆಟ್ ದರದ ಜೊತೆಗೆ ದೇಣಿಗೆಯನ್ನೂ ಕೊಡಬೇಕು. 2017ರವರೆಗೆ ಆ ದೇಣಿಗೆಯ ಶೇ. 80ರಷ್ಟನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದಿತ್ತು. ಆ ವರ್ಷದ ತೆರಿಗೆ ಕಾನೂನು ಅದನ್ನು ಪೂರ್ತಿ ತೆಗೆದುಹಾಕಿತು. ಅಂದಿನಿಂದ ಡೋನರ್ ಕೈಬಿಡದಂತೆ ನೋಡಿಕೊಳ್ಳುವುದು ಕಷ್ಟವಾಗಿದೆ, ಇತರ ಮೂಲಗಳ ಮೇಲೆ ಕಣ್ಣು ಬಿದ್ದಿದೆ.

ಕೊನೆಯದಾಗಿ, ಅಗ್ಗದ ಟಿಕೆಟ್ ಕೊಂಡವರು ಬರುವುದಿಲ್ಲ ಅನ್ನುವುದು ಅವರ ದೂರು. ಟಿಕೆಟ್ ಪೂರ್ತಿ ಮಾರಿರುತ್ತದೆ, ಸೆಕ್ಷನ್ ಅರ್ಧ ಖಾಲಿ. ಹಾಗಿರುವಾಗ ದರ ಏರಿಸಿದರೆ ನಿಜವಾಗಿ ಬರುವವರೇ ಕೊಳ್ಳುತ್ತಾರೆ ಅನ್ನುತ್ತಾರೆ. ಈ ವಾದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಬೆಳಗಿನ ಬಸ್ಸು:

ಮೇಷ್ಟ್ರೇ, ದರ ಏರಿಸಿದರೆ ಬರುವವರೇ ಕೊಳ್ಳುತ್ತಾರೆ ಅನ್ನುವ ಮಾತನ್ನು ಮಿಷಿಗನ್‌ನಲ್ಲಿ ಪರೀಕ್ಷೆ ಮಾಡಿ ನೋಡಿಯಾಗಿದೆ. ಅದು ಫುಟ್‌ಬಾಲ್, ಆದರೆ ಪಾಠ ಒಂದೇ. ಆಗ ನಾನು ಆ ಯೂನಿವರ್ಸಿಟಿ ಇರುವ ಆ್ಯನ್ ಆರ್ಬರ್‌ನಲ್ಲಿದ್ದೆ.

2013ರಲ್ಲಿ ವಿದ್ಯಾರ್ಥಿಗಳು ತಡವಾಗಿ ಬರುತ್ತಾರೆ ಅಂತ ಸೀಟ್ ನಂಬರ್ ತೆಗೆದು, ಮೊದಲು ಬಂದವರಿಗೆ ಮೊದಲ ಸಾಲು ಅಂತ ಮಾಡಿದರು, ಜೊತೆಗೆ ದರವನ್ನೂ ಜೋರಾಗಿ ಏರಿಸಿದರು. 2014ರಲ್ಲಿ ವಿದ್ಯಾರ್ಥಿ ಸೀಸನ್ ಟಿಕೆಟ್ 295 ಡಾಲರ್ ಇತ್ತು. ಆ ವರ್ಷ ಒಳ್ಳೆಯ ಎದುರಾಳಿಗಳೂ ಮನೆಗೆ ಬರಲಿಲ್ಲ, ತಂಡವೂ ಸೋಲುತ್ತಿತ್ತು. ಸಾವಿರಾರು ವಿದ್ಯಾರ್ಥಿಗಳು ಕೊಳ್ಳುವುದನ್ನೇ ಬಿಟ್ಟರು. ಲಕ್ಷ ಜನ ಹಿಡಿಸುವ ಸ್ಟೇಡಿಯಂನಲ್ಲಿ ವಿದ್ಯಾರ್ಥಿಗಳ ಮೂಲೆ ಕಣ್ಣಿಗೆ ರಾಚುವಂತೆ ಕುಗ್ಗಿತು. ಎರಡು ಕೋಕ್ ಬಾಟಲಿ ಕೊಂಡರೆ ಮಿನೆಸೋಟಾ ಪಂದ್ಯದ ಎರಡು ಟಿಕೆಟ್ ಅನ್ನುವ ಜಾಹೀರಾತೂ ಅದೇ ಸೆಪ್ಟೆಂಬರ್‌ನಲ್ಲಿ ಬಂತು. ಆಗಷ್ಟೇ 295 ಕೊಟ್ಟ ಹುಡುಗನಿಗೆ ಹೇಗಾಗಿರಬೇಡ? ಅದೇ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದ ಕ್ವಾರ್ಟರ್‌ಬ್ಯಾಕ್‌ನನ್ನು (ತಂಡದ ದಾಳಿ ನಡೆಸುವ ಆಟಗಾರ) ಆಟದಲ್ಲಿ ಉಳಿಸಿದ್ದಕ್ಕೆ ದೊಡ್ಡ ಗಲಾಟೆ ಎದ್ದಿತು. ಎಲ್ಲ ಸಿಟ್ಟೂ ಒಟ್ಟಾಗಿ ಅಕ್ಟೋಬರ್ 31ಕ್ಕೆ ಅಥ್ಲೆಟಿಕ್ ಡೈರೆಕ್ಟರ್ ಡೇವ್ ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಜಿಮ್ ಹ್ಯಾಕೆಟ್ 2015ಕ್ಕೆ ದರವನ್ನು 175ಕ್ಕೆ ಇಳಿಸಿದರು.

ಬ್ರ್ಯಾಂಡನ್ ರಾಜೀನಾಮೆಗೆ ಟಿಕೆಟ್ ದರ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ವಿಷಯ ಕಣ್ಣಾರೆ ಕಂಡಿದ್ದೇನೆ. ಒಂದು ವರ್ಷ ಕೊಳ್ಳದೆ ಬಿಟ್ಟ ಹುಡುಗ ಶನಿವಾರ ಮನೆಯಲ್ಲೇ ಟಿವಿ ಮುಂದೆ ಕೂತು ನೋಡುವುದನ್ನು ರೂಢಿ ಮಾಡಿಕೊಳ್ಳುತ್ತಾನೆ. ಮಾರನೇ ವರ್ಷ ದರ ಇಳಿದರೂ ಅವನು ಸುಲಭಕ್ಕೆ ವಾಪಸ್ ಬರುವುದಿಲ್ಲ. ನನ್ನ ಜೊತೆಗಿದ್ದ ಐದಾರು ಜನರಲ್ಲಿ ಅರ್ಧಕ್ಕರ್ಧ ಹಾಗೇ ಹೋದರು. ಇವತ್ತಿನ ವಿದ್ಯಾರ್ಥಿ ಅಂದರೆ ಇಪ್ಪತ್ತು ವರ್ಷದ ನಂತರದ ಡೋನರ್. ಅವನನ್ನು 120 ಡಾಲರ್‌ಗೋಸ್ಕರ ಕಳೆದುಕೊಳ್ಳುವುದು ಬಜೆಟ್ ದೃಷ್ಟಿಯಿಂದಲೂ ದಡ್ಡತನ.

ಮಡಿಕೇರಿ ಮಂಜು:

ಡ್ಯೂಕ್ ಯೂನಿವರ್ಸಿಟಿಯಿಂದ ಬರೆಯುತ್ತಿದ್ದೇನೆ. ನಮ್ಮದು ಬೇರೆಯೇ ದಾರಿ. ಕ್ಯಾಮೆರಾನ್ ಇಂಡೋರ್ ಸ್ಟೇಡಿಯಂ 1940ರದ್ದು, 9,314 ಜನ ಅಷ್ಟೇ ಹಿಡಿಸುವುದು. ಅಂಡರ್‌ಗ್ರ್ಯಾಡ್‌ಗಳಿಗೆ ಟಿಕೆಟ್ ದರವೇ ಇಲ್ಲ. ಸಾಲಿನಲ್ಲಿ ನಿಲ್ಲಬೇಕು ಅಷ್ಟೇ. ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿ ವಿರುದ್ಧದ ಪಂದ್ಯಕ್ಕೆ ಆ ಸಾಲು ವಾರಗಟ್ಟಲೆ ಆಗುತ್ತದೆ. ಸ್ಟೇಡಿಯಂ ಎದುರಿನ ಹುಲ್ಲಿನಲ್ಲಿ ಹನ್ನೆರಡು ಜನರ ಗುಂಪಿಗೊಂದು ಟೆಂಟ್ ಹಾಕಿಕೊಂಡು ಸರದಿಯಲ್ಲಿ ಮಲಗುತ್ತಾರೆ. 1986ರಲ್ಲಿ ಶುರುವಾದದ್ದು, ಈಗ ಅದಕ್ಕೆ ಕ್ರಶೆವ್‌ಸ್ಕಿವಿಲ್ ಅಂತಲೇ ಹೆಸರು, 2022ರವರೆಗೆ ಕೋಚ್ ಆಗಿದ್ದ ಮೈಕ್ ಕ್ರಶೆವ್‌ಸ್ಕಿ ಹೆಸರಲ್ಲಿ.

ನಮ್ಮಂಥ ಗ್ರ್ಯಾಜುಯೇಟ್ ವಿದ್ಯಾರ್ಥಿಗಳಿಗೆ ಸೆಪ್ಟೆಂಬರ್ ಸುಮಾರಿಗೆ ಒಂದು ವಾರಾಂತ್ಯದ ಕ್ಯಾಂಪ್‌ಔಟ್. ಬಯಲಲ್ಲಿ ಟೆಂಟ್, ಬಾಡಿಗೆ ಟ್ರಕ್, ಏನು ಬೇಕಾದರೂ ತಂದು ಉಳಿಯಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ ಸೈರನ್ ಕೂಗುತ್ತದೆ, ಕೂಗಿದ ಕೆಲವೇ ನಿಮಿಷದಲ್ಲಿ ಓಡಿಹೋಗಿ ಹಾಜರಿ ಹಾಕಿಸಬೇಕು. ತಪ್ಪಿಸಿಕೊಂಡವರು ಹೊರಗೆ. ಕೊನೆವರೆಗೆ ಉಳಿದವರ ಹೆಸರು ಲಾಟರಿಗೆ ಹೋಗುತ್ತದೆ, ಗೆದ್ದವರಿಗೆ ಸೀಸನ್ ಟಿಕೆಟ್ ಕೊಳ್ಳುವ ಹಕ್ಕು. ಬೆಳಗಿನ ಜಾವ ಸೈರನ್ ಕೂಗಿದಾಗ ನಮ್ಮ ಲ್ಯಾಬಿನ ಇಡೀ ಗುಂಪು ಚಪ್ಪಲಿ ಹುಡುಕದೆ ಒದ್ದೆ ಹುಲ್ಲಿನ ಮೇಲೆ ಓಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಹೀಗೆ ಪಡೆದ ಟಿಕೆಟ್ಟನ್ನು ಯಾರೂ ಸುಮ್ಮನೆ ಮನೆಯಲ್ಲಿ ಇಟ್ಟುಕೊಂಡು ಕೂರುವುದಿಲ್ಲ. ಖಾಲಿ ಸೀಟಿನ ಸಮಸ್ಯೆ ಬರುವುದೇ ಇಲ್ಲ. ಸಮಯ ಕೊಟ್ಟವನಿಗೆ ಸೀಟು. ದುಡ್ಡು ಇದ್ದವನಿಗೂ ಇಲ್ಲದವನಿಗೂ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ.

ಜಯನಗರದ ಅಮ್ಮ:

ಮಂಜು, ನಿನ್ನ ಮಾತಿನ ಕೊನೆಯ ವಾಕ್ಯ ಒಪ್ಪೋದಿಲ್ಲಪ್ಪ. ರಾತ್ರಿ ಹನ್ನೊಂದರವರೆಗೆ ಕೆಲಸ ಮಾಡುವ ಹುಡುಗಿಗೂ, ಮನೆಯಿಂದ ದುಡ್ಡು ಬರುವ ಹುಡುಗನಿಗೂ ಟೆಂಟ್‌ನಲ್ಲಿ ಮಲಗಲು ಸಿಗುವ ಗಂಟೆಗಳು ಒಂದೇ ಅಲ್ಲ. ಚಿಕ್ಕ ಮಗು ಇರೋ ಪಿಎಚ್‌ಡಿ ವಿದ್ಯಾರ್ಥಿನಿ ಏನು ಮಾಡಬೇಕು?

ಮಡಿಕೇರಿ ಮಂಜು:

ಅಮ್ಮಾ, ಆ ಮಾತು ನಿಜ. ನಮ್ಮ ಗುಂಪಿನಲ್ಲೇ ಮಗು ಇದ್ದವರು ಯಾರೂ ಬಂದಿರಲಿಲ್ಲ.

ಒಂಟಿಕೊಪ್ಪಲು:

ಮದುವೆಯಾದ ವಿದ್ಯಾರ್ಥಿಗಳ ಕಷ್ಟವನ್ನೂ ಸೇರಿಸಿ ದಯವಿಟ್ಟು. ನನ್ನ ಹೆಂಡತಿ ಎಫ್-2 ವೀಸಾದಲ್ಲಿ ಬಂದವಳು. ಕೆಲಸ ಮಾಡುವ ಹಾಗಿಲ್ಲ, ಕ್ಯಾಂಪಸ್ ಬಿಟ್ಟರೆ ಬೇರೆ ಊರು ಅಂತ ಇಲ್ಲ. ಅವಳು ಮೈಸೂರಲ್ಲಿ ಕಾಲೇಜು ತಂಡಕ್ಕೆ ಆಡಿದವಳು, ಆಟ ನನಗಿಂತ ಚೆನ್ನಾಗಿ ಗೊತ್ತು. ನನ್ನ ವಿದ್ಯಾರ್ಥಿ ಟಿಕೆಟ್ ಪಕ್ಕದಲ್ಲಿ ಅವಳಿಗೆ ಜಾಗ ಬೇಕು ಅಂದರೆ ಸಾರ್ವಜನಿಕರ ದರಕ್ಕೂ ವಿದ್ಯಾರ್ಥಿ ದರಕ್ಕೂ ಇರುವ ವ್ಯತ್ಯಾಸ ಪೂರ್ತಿ ಕಟ್ಟಿ ಅಂದರು. ದೊಡ್ಡ ಪಂದ್ಯಕ್ಕೆ ಆ ವ್ಯತ್ಯಾಸವೇ ನಮ್ಮ ವಾರದ ದಿನಸಿಗಿಂತ ಜಾಸ್ತಿ. ಸಂಗಾತಿಗೆ ಅಂತ ಒಂದು ದರ ಇಟ್ಟಿರುವ ಯೂನಿವರ್ಸಿಟಿಗಳೂ ಇವೆ. ನಮ್ಮಲ್ಲಿ ಇಲ್ಲ. ಎರಡು ವರ್ಷ ಅವಳು ರೇಡಿಯೋದಲ್ಲಿ ಕೇಳಿದಳು.

ಕದ್ರಿ ಕಂಬಳ:

ಒಂಟಿಕೊಪ್ಪಲು ಅಣ್ಣ, ಓದಿ ಬೇಸರ ಆಯ್ತು ಮಾರಾಯ್ರೇ. ನಿಮ್ಮಲ್ಲಿ ಮಹಿಳೆಯರ ತಂಡದ ಪಂದ್ಯಕ್ಕೆ ಹೋಗಿದ್ದೀರಾ? ಕೇಳಿದ್ದು ಯಾಕೆಂದರೆ ಈ ಚರ್ಚೆಯಲ್ಲಿ ಇಷ್ಟು ಹೊತ್ತು ಎಲ್ಲರೂ ಪುರುಷರ ಟಿಕೆಟ್ ಬಗ್ಗೆಯೇ ಮಾತಾಡ್ತಾ ಇದ್ದೀರಿ.

ನಾನು ಕನೆಕ್ಟಿಕಟ್‌ನಲ್ಲಿ ಓದಿದವಳು. ಅಲ್ಲಿ ಪುರುಷರು 2023, 2024 ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್, ಮಹಿಳೆಯರು 2025ರಲ್ಲಿ ಹನ್ನೆರಡನೇ ಸಲ. ಕ್ಯಾಂಪಸ್‌ನ ಗ್ಯಾಂಪೆಲ್ ಪೆವಿಲಿಯನ್‌ನಲ್ಲಿ ಸುಮಾರು ಹತ್ತು ಸಾವಿರ ಜನಕ್ಕೆ ಜಾಗ, ಉಳಿದ ಹೋಮ್ ಪಂದ್ಯಗಳು ಹಾರ್ಟ್‌ಫರ್ಡ್ ಪೇಟೆಯಲ್ಲಿ, ನಲವತ್ತು ಕಿಲೋಮೀಟರ್ ದೂರ. ಕಾರಿಲ್ಲದ ವಿದ್ಯಾರ್ಥಿಗೆ ಚಳಿಗಾಲದ ರಾತ್ರಿ ಆ ನಲವತ್ತು ಕಿಲೋಮೀಟರ್ ಕೂಡ ಟಿಕೆಟ್ ದರದ ಒಂದು ಭಾಗವೇ. ಬಸ್ಸು ಎಷ್ಟು ಹೊತ್ತಿಗೆ ಉಂಟು, ವಾಪಸ್ ಎಷ್ಟಕ್ಕೆ ಅಂತ ನೋಡಿಯೇ ನಾವು ಹೋಗುವುದೋ ಬೇಡವೋ ತೀರ್ಮಾನ ಮಾಡುತ್ತಿದ್ದದ್ದು.

ಮತ್ತೆ ಅಯೋವಾ ನೋಡಿ. ತಾರಾ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಇದ್ದ 2023-24ರಲ್ಲಿ ಅಲ್ಲಿನ ಮಹಿಳೆಯರ ಸೀಸನ್ ಟಿಕೆಟ್ ಪೂರ್ತಿ ಮಾರಾಟ ಆಯ್ತು, ಅದಕ್ಕೆ ಮೊದಲು ಯಾವತ್ತೂ ಹಾಗೆ ಆಗಿರಲಿಲ್ಲ. 2024ರ ಮಹಿಳೆಯರ ಫೈನಲ್ ಅನ್ನು ಟಿವಿಯಲ್ಲಿ 1.8 ಕೋಟಿಗೂ ಹೆಚ್ಚು ಜನ ನೋಡಿದರು, ಪುರುಷರ ಫೈನಲ್‌ಗಿಂತ ಜಾಸ್ತಿ. ವರ್ಷಗಟ್ಟಲೆ ಆ ಅಂಕಣಕ್ಕೆ ಅಗ್ಗದಲ್ಲಿ, ಎಷ್ಟೋ ಕಡೆ ಉಚಿತವಾಗಿ ಬಂದು ಕೂತವರೇ ಅಲ್ವಾ ಆ ಆಟವನ್ನು ಉಳಿಸಿದ್ದು? ಈಗ ಜನಪ್ರಿಯ ಆಯ್ತು ಅಂತ ಅವರನ್ನು ಮೊದಲು ಹೊರಗೆ ಹಾಕಬಾರದು. ತುಂಗಾತೀರ, ನಿಮ್ಮ ಪತ್ರದಲ್ಲಿ ಮಹಿಳೆಯರ ಪಂದ್ಯ ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಉಳಿಯಬೇಕು ಅಂತ ಬೇರೆ ಪ್ಯಾರಾದಲ್ಲಿ ಬರೆಯಿರಿ. ಇಲ್ಲದಿದ್ದರೆ ಅವರು ಎರಡನ್ನೂ ಸೇರಿಸಿ ಒಂದು "ಕಾಂಬೊ" ಮಾಡಿ ದರ ಏರಿಸುತ್ತಾರೆ.

ಕಂಠೀರವ ಗ್ಯಾಲರಿ:

ಬೆಂಗಳೂರಿಂದ. ನಾನು ಇಲ್ಲಿ ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿದವನು. ನಮ್ಮ ಪಂದ್ಯಗಳಿಗೆ ಟಿಕೆಟ್ ಅನ್ನೋದೇ ಇರಲಿಲ್ಲ, ನೋಡೋರು ಅಂದ್ರೆ ಆಮೇಲೆ ಆಡಬೇಕಾದ ತಂಡದವರು. 2019ರಲ್ಲಿ ಮಹಿಳೆಯರ ಏಷ್ಯಾ ಕಪ್ ಕಂಠೀರವದಲ್ಲೇ ನಡೀತು, ಜಪಾನ್, ಚೀನಾ ತಂಡಗಳನ್ನ ಹತ್ತಿರದಿಂದ ನೋಡಿದ್ವಿ. ಅದೇ ಊರಲ್ಲಿ ಆರ್‌ಸಿಬಿ ಪಂದ್ಯದ ಅತಿ ಅಗ್ಗದ ಸೀಟು ಎರಡು ಸಾವಿರ ರೂಪಾಯಿ ದಾಟಿದೆ, ಕಾಲೇಜು ಹುಡುಗರು ಅದಕ್ಕೂ ಮುಗಿಬೀಳ್ತಾರೆ. ಹಾಗಾಗಿ ಕೇಳ್ತೀನಿ, ಕಾಲೇಜಿನ ಆಟಕ್ಕೆ ಇಷ್ಟು ಬೇಡಿಕೆ ಇರೋದೇ ಒಂದು ಭಾಗ್ಯ ಅಲ್ವಾ? ಮಾರುಕಟ್ಟೆ ಒಪ್ಪೋ ದರ ತಗೊಂಡ್ರೆ ತಪ್ಪೇನು?

ತುಂಗಾತೀರ:

ಕಂಠೀರವ ಅವರೇ, ಒಳ್ಳೆಯ ಪ್ರಶ್ನೆ, ನನ್ನ ಪತ್ರದ ಮುಖ್ಯ ವಾದ ಅಲ್ಲೇ ಇದೆ. ಚಿನ್ನಸ್ವಾಮಿಯಲ್ಲಿ ನೀವು ಆಟ ನೋಡಲು ಹೋಗುತ್ತೀರಿ. ಇಲ್ಲಿ ಸ್ಟೂಡೆಂಟ್ ಸೆಕ್ಷನ್ ಆಟದ ಒಂದು ಭಾಗ. ಟಿವಿ ಕ್ಯಾಮೆರಾಕ್ಕೆ ಎದುರಾಗಿ ವಿದ್ಯಾರ್ಥಿಗಳನ್ನು ಕೂರಿಸುವುದು ಸುಮ್ಮನೆ ಅಲ್ಲ. ಕ್ಯಾನ್ಸಸ್ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಒಳಾಂಗಣ ಆ್ಯಲನ್ ಫೀಲ್ಡ್‌ಹೌಸ್‌ನಲ್ಲಿ 2017ರ ಫೆಬ್ರವರಿಯಲ್ಲಿ 130.4 ಡೆಸಿಬಲ್ ಸದ್ದು ದಾಖಲಾಯಿತು, ಒಳಾಂಗಣ ಕ್ರೀಡೆಯಲ್ಲಿ ಗಿನ್ನಿಸ್ ದಾಖಲೆ ಅದು. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರೇ ಮೊದಲ ಕೋಚ್ ಆಗಿದ್ದ ಶಾಲೆ, ಅಲ್ಲಿಗೆ ಬಂದ ಎದುರಾಳಿಗೆ ಆ ಕಟ್ಟಡದೊಳಗಿನ ಸದ್ದೇ ಭಯ ಹುಟ್ಟಿಸುತ್ತದೆ. ಅಲ್ಲೂ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ಫೀಲ್ಡ್‌ಹೌಸ್ ಒಳಗೇ ದಿನಗಟ್ಟಲೆ ಸರದಿ ಕಾಯುತ್ತಾರೆ.

ಉಲ್ಟಾ ಉದಾಹರಣೆ ನಾರ್ತ್ ಕ್ಯಾರೊಲೈನಾದ ಡೀನ್ ಸ್ಮಿತ್ ಸೆಂಟರ್. 1986ರಲ್ಲಿ ತೆರೆಯಿತು, 21,750 ಸೀಟು. ಕಟ್ಟಿದ್ದು ದಾನಿಗಳ ದುಡ್ಡಿನಿಂದ, ಅದಕ್ಕೆ ಪ್ರತಿಯಾಗಿ ಕೆಳಗಿನ ಒಳ್ಳೆಯ ಸೀಟುಗಳ ಹಕ್ಕು ದಾನಿಗಳಿಗೆ ಹೋಯಿತು. ವಿದ್ಯಾರ್ಥಿಗಳಿಗೆ ಲಾಟರಿಯಲ್ಲಿ ಉಚಿತ ಟಿಕೆಟ್ ಸಿಗುತ್ತದೆ, ಆದರೆ ಅಂಕಣದ ಉದ್ದಕ್ಕೂ ನಿಲ್ಲುವ ಜಾಗ ಬಹಳ ವರ್ಷ ಇರಲಿಲ್ಲ. ಅಷ್ಟು ದೊಡ್ಡ ತಂಡ, ಅಷ್ಟು ದೊಡ್ಡ ಕಟ್ಟಡ, ಆದರೂ "ಸದ್ದಿಲ್ಲದ ಪ್ರೇಕ್ಷಕರು" ಎಂಬ ದೂರು ದಶಕಗಟ್ಟಲೆ ಬೆನ್ನು ಬಿಡಲಿಲ್ಲ. ಟಿಕೆಟ್ ಉಚಿತವಾದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ, ಸೀಟು ಎಲ್ಲಿ ಕೊಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ.

ಇನ್ನು ಮೇಷ್ಟ್ರು ಹೇಳಿದ ಖಾಲಿ ಸೀಟಿನ ವಾದ. ಇದರ ಬಗ್ಗೆ ಒಂದು ಹಳೆಯ ಪ್ರಯೋಗ ಇದೆ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ್ದು. ಓಹಾಯೊ ಯೂನಿವರ್ಸಿಟಿಯ ನಾಟಕಗಳಿಗೆ ಸೀಸನ್ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ದರ 15 ಡಾಲರ್‌ಗೆ ಕೊಟ್ಟರು, ಕೆಲವರಿಗೆ 2 ಡಾಲರ್, ಇನ್ನು ಕೆಲವರಿಗೆ 7 ಡಾಲರ್ ಕಡಿಮೆ ಮಾಡಿದರು. ಯಾರಿಗೆ ಯಾವ ದರ ಅನ್ನುವುದು ಅದೃಷ್ಟದ ಮೇಲೆ. ಪೂರ್ತಿ ದುಡ್ಡು ಕೊಟ್ಟವರು ಹೆಚ್ಚು ನಾಟಕಗಳಿಗೆ ಬಂದರು. ಅಥ್ಲೆಟಿಕ್ಸ್ ವಿಭಾಗ ಇಲ್ಲಿಗೇ ನಿಲ್ಲಿಸುತ್ತದೆ. ಆದರೆ ಆ ವ್ಯತ್ಯಾಸ ಕಂಡದ್ದು ಸೀಸನ್‌ನ ಮೊದಲ ಅರ್ಧದಲ್ಲಿ ಮಾತ್ರ. ಎರಡನೇ ಅರ್ಧದಲ್ಲಿ ಹೆಚ್ಚು ಕೊಟ್ಟವರೂ ಕಡಿಮೆ ಕೊಟ್ಟವರೂ ಒಂದೇ. ಕೊಟ್ಟ ದುಡ್ಡು ಮನಸ್ಸಿನಿಂದ ಮರೆಯಾಗಿರುತ್ತದೆ. ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಯಾಲೆಂಡರ್‌ಗೆ ಇದನ್ನು ಹೊಂದಿಸಿ ನೋಡಿ. ಮೊದಲ ಅರ್ಧ ಅಂದರೆ ನವೆಂಬರ್, ಡಿಸೆಂಬರ್‌ನ ಸಣ್ಣ ಪಂದ್ಯಗಳು. ಮಿಡ್‌ಟರ್ಮ್ ನಡುವೆ, ಹಿಮ ಬೀಳುವ ಮಂಗಳವಾರ ರಾತ್ರಿ ಒಂಬತ್ತಕ್ಕೆ ಟಿವಿಗಾಗಿ ಇಟ್ಟ ಫೆಬ್ರವರಿ ಪಂದ್ಯಕ್ಕೆ ಜನ ಬೇಕು. ಆಗಸ್ಟ್‌ನಲ್ಲಿ ಕಿತ್ತುಕೊಂಡ 200 ಡಾಲರ್ ಫೆಬ್ರವರಿಯಲ್ಲಿ ಯಾರನ್ನೂ ಅಂಕಣಕ್ಕೆ ಕರೆತರುವುದಿಲ್ಲ.

ಹಾಗಾಗಿ ನಾನು ಹೀಗೆ ಬರೆಯಬೇಕು ಅಂದುಕೊಂಡಿದ್ದೇನೆ. ಟಿಕೆಟ್ ದರ ಈಗಿನ ಮಟ್ಟದಲ್ಲೇ ಇರಲಿ ಅಥವಾ ಇಳಿಯಲಿ. ಸೀಟು ಹಿಡಿದು ಬಾರದವರ ಮೇಲೆ ಭಾರ ಹಾಕಿ. ಪಂದ್ಯಕ್ಕೆ ಒಂದು ದಿನ ಮೊದಲು ಆ್ಯಪ್‌ನಲ್ಲಿ "ಬರುವುದಿಲ್ಲ" ಅಂತ ಬಿಟ್ಟುಕೊಟ್ಟರೆ ಏನೂ ಇಲ್ಲ, ಆ ಸೀಟು ಕಾಯುತ್ತಿರುವ ಇನ್ನೊಬ್ಬ ವಿದ್ಯಾರ್ಥಿಗೆ ಹೋಗುತ್ತದೆ. ಬಿಟ್ಟುಕೊಡದೆ ಬಾರದಿದ್ದರೆ ದೊಡ್ಡ ಪಂದ್ಯದ ಸಾಲಿನಲ್ಲಿ ಹಿಂದಕ್ಕೆ. ಪದೇ ಪದೇ ಹಾಗೆ ಮಾಡಿದರೆ ಉಳಿದ ಸೀಸನ್ ಟಿಕೆಟ್ ರದ್ದು. ಗೇಟ್‌ನಲ್ಲಿ ಫೋನ್ ಸ್ಕ್ಯಾನ್ ಮಾಡುವುದರಿಂದ ಯಾರು ಬಂದರು ಯಾರು ಇಲ್ಲ ಎಂಬ ಲೆಕ್ಕ ಅವರ ಬಳಿ ಈಗಾಗಲೇ ಇದೆ. ಹೊಸ ಯಂತ್ರ ಏನೂ ಬೇಕಿಲ್ಲ.

ಲೆಕ್ಕದ ಮೇಷ್ಟ್ರು:

ಫೆಬ್ರವರಿ ವಾದ ನನಗೆ ಹೊಳೆದಿರಲಿಲ್ಲ, ಅದು ಗಟ್ಟಿಯಾಗಿದೆ. ಒಂದು ಸೇರಿಸಿ. ವಿದ್ಯಾರ್ಥಿ ಟಿಕೆಟ್‌ನಿಂದ ಬರುವ ಹೆಚ್ಚುವರಿ ಆದಾಯ ಎಷ್ಟು ಅಂತ ಬರಹದಲ್ಲಿ ಕೇಳಿ. 4,000 ಸೀಟು, ತಲಾ 50 ಡಾಲರ್ ಏರಿಕೆ ಅಂತ ಹಿಡಿದರೂ 2 ಲಕ್ಷ ಡಾಲರ್. ಆಟಗಾರರಿಗೆ ಕೊಡಬಹುದಾದ 2.05 ಕೋಟಿಯ ಶೇಕಡಾ ಒಂದೂ ಆಗುವುದಿಲ್ಲ. 2023ರಿಂದ ಏಳು ವರ್ಷಕ್ಕೆ ಬಿಗ್ ಟೆನ್ ಮಾಡಿಕೊಂಡ ಟಿವಿ ಒಪ್ಪಂದ 700 ಕೋಟಿ ಡಾಲರ್‌ಗೂ ಹೆಚ್ಚು ಅಂತ ವರದಿಯಾಗಿತ್ತು. ಆ ಟಿವಿಗೆ ಸದ್ದು ಬೇಕು, ತುಂಬಿದ ಬೆಂಚು ಬೇಕು. ದರ ಏರಿಸಿ ಬೆಂಚು ಖಾಲಿಯಾದರೆ ಕಳೆದುಕೊಳ್ಳುವುದು ಅವರೇ.

ಹಾಗೆಂದು ಎಲ್ಲರಿಗೂ ಪೂರ್ತಿ ಉಚಿತ ಮಾಡಿ ಅಂತ ಕೇಳಬೇಡಿ. ಏನಾದರೂ ಒಂದು ಮೊತ್ತ ಇದ್ದರೆ, ಲೆಕ್ಕವಿಲ್ಲದೆ ಹೆಸರು ಬರೆಸಿ ಮಾರಿಕೊಳ್ಳುವವರು ಕಡಿಮೆಯಾಗುತ್ತಾರೆ.

ಹುಬ್ಳಿ ಮಂದಿ:

ಮಾರ್ಕೊಳ್ಳೂ ಮಾತು ಬಂತಲ್ಲ, ಅದನ್ನ ಗಟ್ಟ್ಯಾಗಿ ಹಿಡೀರಿ. ದೊಡ್ಡ ಪಂದ್ಯ ಇದ್ದಾಗ 12 ಡಾಲರ್ ಟಿಕೆಟ್‌ನ ನೂರಾ ಇಪ್ಪತ್ತಕ್ಕ ಗ್ರೂಪ್‌ನ್ಯಾಗ ಮಾರಾವರನ್ನ ನೋಡೀನಿ. ಟ್ರಾನ್ಸ್‌ಫರ್ ಮಾಡೂದಿದ್ರ ಅದೇ ಯೂನಿವರ್ಸಿಟಿ ಐಡಿ ಇದ್ದಾವರಿಗೆ, ಅದೇ ದರಕ್ಕ ಮಾತ್ರ ಅಂತ ಮಾಡ್ಲಿ. ಆಮ್ಯಾಲೆ ಅಮ್ಮಾರ, ನಿಮ್ಮ ಮಗಳ ಮಾತು ಓದಿ ವಿಚಾರ ಮಾಡಿದೆ. ಎಲ್ಲಾರ ಫೀದಾಗ ಹಾಕೂದ್ರಕಿಂತ ತುಂಗಾತೀರ ಅವರ ದಾರಿ ಛಲೋ ಅನಸ್ತು. ಆದ್ರ ಹೊಸಾಗಿ ಬಂದ ಹುಡುಗರಿಗೆ ಮೊದಲನೇ ಪಂದ್ಯ ಒಂದಾದ್ರೂ ಪುಕ್ಕಟೆ ಇರ್ಲಿ, ರುಚಿ ಹತ್ತಬೇಕಲ್ಲ.

ಒಂಟಿಕೊಪ್ಪಲು:

ರಜೆಯ ಪಂದ್ಯಗಳ ಬಗ್ಗೆ ನನ್ನ ಒಂದು ಸಲಹೆ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಹೊತ್ತಿಗೆ ಕ್ಯಾಂಪಸ್‌ನಲ್ಲಿ ಉಳಿಯುವವರು ಯಾರು? ನಾವೇ. ವಿಮಾನದ ದರಕ್ಕೆ ಹೆದರಿ ಊರಿಗೆ ಹೋಗದ ವಿದೇಶಿ ವಿದ್ಯಾರ್ಥಿಗಳು, ಲ್ಯಾಬ್ ಬಿಡಲಾಗದ ಪಿಎಚ್‌ಡಿಗಳು, ನಮ್ಮ ಹೆಂಡತಿ ಮಕ್ಕಳು. ಮೆಸ್ ಮುಚ್ಚಿರುತ್ತದೆ, ಬಸ್ಸು ಕಡಿಮೆ, ನಾಲ್ಕು ಗಂಟೆಗೇ ಕತ್ತಲು. ಆ ವಾರಗಳಲ್ಲಿ ಸ್ಟೂಡೆಂಟ್ ಸೆಕ್ಷನ್ ಖಾಲಿ ಹೊಡೆಯುತ್ತಿರುತ್ತದೆ. ಆ ಪಂದ್ಯಗಳನ್ನು ಸೀಸನ್ ಟಿಕೆಟ್ ಲೆಕ್ಕದಿಂದಲೇ ತೆಗೆದು, ಊರಲ್ಲಿ ಉಳಿದ ಯಾವ ವಿದ್ಯಾರ್ಥಿಗಾದರೂ ಒಬ್ಬ ಮನೆಯವರೊಂದಿಗೆ ಉಚಿತ ಪ್ರವೇಶ ಕೊಡಲಿ. ಅವರಿಗೆ ಖರ್ಚೇನೂ ಇಲ್ಲ. ನಮಗೆ ಆ ಸಂಜೆ ಬಹಳ ದೊಡ್ಡದು.

ಕದ್ರಿ ಕಂಬಳ:

ಇದು ಎಲ್ಲಕ್ಕಿಂತ ಒಳ್ಳೆಯ ಸಲಹೆ. ನಿಮ್ಮ ಮನೆಯವರಿಗೂ ಹೇಳಿ, ಅಂಕಣದ ಹತ್ತಿರ ಕೂತು ನೋಡಲಿಕ್ಕೆ ಮಹಿಳೆಯರ ಪಂದ್ಯಕ್ಕೆ ಹೋಗಲಿ ಅಂತ.

ಜಯನಗರದ ಅಮ್ಮ:

ಹೀಗೆ ಮಾಡೋದಾದರೆ ನನ್ನ ವಿರೋಧ ಇಲ್ಲ. ನನ್ನ ಮಗಳು ರಜೆಯಲ್ಲಿ ಅಲ್ಲೇ ಇರ್ತಾಳೆ, ಆಗ ಅವಳಿಗೆ ಶಿಫ್ಟ್ ಕೂಡ ಕಡಿಮೆ.

ತುಂಗಾತೀರ:

ಎಲ್ಲರ ಮಾತನ್ನೂ ಸೇರಿಸಿ ಕರಡು ಬರೆದೆ. ಹೊಸ ಕಡ್ಡಾಯ ಫೀ ಬೇಡ. ರಜೆಯ ಪಂದ್ಯಗಳು ಸೀಸನ್ ಟಿಕೆಟ್‌ನಿಂದ ಹೊರಗೆ, ಉಳಿದ ವಿದ್ಯಾರ್ಥಿಗೂ ಒಬ್ಬ ಕುಟುಂಬದವರಿಗೂ ಉಚಿತ. ಸಂಗಾತಿಗೆ ವಿದ್ಯಾರ್ಥಿ ದರದಲ್ಲೇ ಒಂದು ಟಿಕೆಟ್. ಬಿಟ್ಟುಕೊಡುವ ವ್ಯವಸ್ಥೆ ಮತ್ತು ಬಾರದವರ ಮೇಲೆ ಕ್ರಮ. ಮರುಮಾರಾಟ ಅದೇ ದರಕ್ಕೆ, ಯೂನಿವರ್ಸಿಟಿ ಐಡಿಗೆ ಮಾತ್ರ. ಮಹಿಳೆಯರ ಪಂದ್ಯ ಉಚಿತವಾಗಿಯೇ ಇರಬೇಕು ಅನ್ನುವುದು ಪ್ರತ್ಯೇಕ ಪ್ಯಾರಾ. ಹೊಸ ವಿದ್ಯಾರ್ಥಿಗೆ ಮೊದಲ ಪಂದ್ಯ ಉಚಿತ. ಏರಿಕೆಯಿಂದ ಬರುವ ಒಟ್ಟು ಮೊತ್ತ ಎಷ್ಟು, ಸ್ಕ್ಯಾನ್ ಲೆಕ್ಕದಲ್ಲಿ ತಿಂಗಳುವಾರು ಹಾಜರಿ ಎಷ್ಟು, ಇವೆರಡನ್ನೂ ಕಮಿಟಿಗೆ ಬರಹದಲ್ಲಿ ಕೊಡಬೇಕು ಅಂತಲೂ ಕೇಳಿದ್ದೇನೆ.

ಬೆಳಗಿನ ಬಸ್ಸು ಅವರೇ, ಮಿಷಿಗನ್‌ನ 295 ಮತ್ತು 175 ಎರಡನ್ನೂ ಮೊದಲ ಪುಟದಲ್ಲೇ ಹಾಕಿದ್ದೇನೆ. ಪಕ್ಕದ ಯೂನಿವರ್ಸಿಟಿಯ ಸಂಖ್ಯೆ ನೋಡಿದರೆ ಇವರು ಕಿವಿಗೊಡುತ್ತಾರೆ.

ಬೆಳಗಿನ ಬಸ್ಸು:

ಮೊದಲು ಸ್ಕ್ಯಾನ್ ಲೆಕ್ಕ ಕೈಗೆ ಬರಲಿ, ಅದಿಲ್ಲದೆ ಸಭೆಗೆ ಹೋಗಬೇಡಿ. ಕೊಡದಿದ್ದರೆ, ನಿಮ್ಮದು ಸರ್ಕಾರಿ ಯೂನಿವರ್ಸಿಟಿಯಾಗಿದ್ದರೆ ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನ ಪ್ರಕಾರ ಅರ್ಜಿ ಹಾಕಬಹುದು. ಒಟ್ಟು ಸಂಖ್ಯೆ ಮಾತ್ರ ಕೇಳಿ, ವಿದ್ಯಾರ್ಥಿಗಳ ಹೆಸರು ಬೇಡ ಅಂತ ಸ್ಪಷ್ಟವಾಗಿ ಬರೆಯಿರಿ. ಹೆಸರಿದ್ದರೆ ಖಾಸಗಿತನದ ನೆಪ ಹೇಳಿ ಪೂರ್ತಿ ತಳ್ಳಿಹಾಕುತ್ತಾರೆ. ಅರ್ಜಿಯ ಕರಡು ಬೇಕಿದ್ದರೆ ಇವತ್ತೇ ರಾತ್ರಿ ಬರೆದು ಇಲ್ಲಿ ಹಾಕುತ್ತೇನೆ.